ಎಡಕ್ಕೆ ಬರೆದ ಬಂದೂಕು

“ಈ ಬಂದೂಕು ಬರೆದವರು ಯಾರು?”

ಅನು ಕೇಳಿದ ದನಿಗೆ ಕೋಣೆಯಲ್ಲಿದ್ದ ಆರು ಜನರೂ ಕೀಬೋರ್ಡಿನ ಮೇಲಿಂದ ಕೈ ತೆಗೆದರು.

ಚಾಮರಾಜನಗರದ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿ ಅದು. ಅಲ್ಲಿ ಮೊಬೈಲ್ ಆಟವೊಂದು ತಯಾರಾಗುತ್ತಿತ್ತು. ಹೆಸರು ‘ಕಾವಲು’. ಆಡುವವನು ಹೊಲದ ಅಟ್ಟಣೆಯ ಮೇಲೆ ಕೂತು, ಬೆಳೆಗೆ ನುಗ್ಗುವ ಕಾಡುಹಂದಿಗಳನ್ನು ನಾಡಬಂದೂಕಿನ ಸದ್ದಿನಿಂದ ಹೆದರಿಸಿ ಓಡಿಸಬೇಕು. ಆ ಬಂದೂಕುಗಳು ಸರಿಯಾಗಿವೆಯೇ ಎಂದು ನೋಡುವುದಕ್ಕೇ ಮಾಲೀಕ ರಾಜಶೇಖರ್ ಅನುವನ್ನು ಕರೆಸಿದ್ದರು. ಇವತ್ತು ಅವಳ ಮೊದಲ ದಿನ.

ಕಿಟಕಿಯ ಪಕ್ಕದ ಮೇಜಿನಿಂದ ಒಬ್ಬ ಎದ್ದು ನಿಂತ. ಬೆರಳಿಗೆಲ್ಲ ಪೆನ್ಸಿಲ್ಲಿನ ಮಸಿ, ಹಣೆಯ ಮೇಲೆ ಬೆಳಗಿನ ವಿಭೂತಿ.

“ನಾನೇ. ಶಿವಮಲ್ಲು ಅಂತ. ಏನಾಯ್ತು ಮೇಡಂ?”

“ಒಂದೇ ಸೆಕೆಂಡಲ್ಲಿ ಮತ್ತೆ ತುಂಬಿಕೊಳ್ಳುತ್ತಲ್ಲ, ಇದೇನು ಬಂದೂಕೋ ಪಟಾಕಿಯೋ? ಮದ್ದು ಸುರೀಬೇಕು, ಗುಂಡು ಹಾಕಬೇಕು, ಕಬ್ಬಿಣದ ಗಜದಲ್ಲಿ ಜಡೀಬೇಕು, ಆಮೇಲೆ ಕಿಡಿ ಹೊತ್ತಿಸೋ ಕೇಪು ಇಡಬೇಕು. ನಮ್ಮಪ್ಪಂಗೇ ಅರ್ಧ ನಿಮಿಷ ಬೇಕು!”

“ಅರ್ಧ ನಿಮಿಷ ಯಾರು ಕಾಯ್ತಾರೆ ಮೇಡಂ? ಆಡೋನು ಬೇಜಾರಾಗಿ ಬೇರೆ ಆಟಕ್ಕೆ ಹೋಗ್ತಾನೆ.”

“ಕಾಯೋಕೆ ಆಗದೇ ಇರೋನು ಕಾವಲಿಗೆ ಯಾಕೆ ಕೂರಬೇಕು?”

ಯಾರೋ ಕಿಸಕ್ಕೆಂದರು. ಶಿವಮಲ್ಲುವಿನ ಕಿವಿ ಕೆಂಪಾಯಿತು.

‘ಎಷ್ಟು ಜಂಬ ಇವನಿಗೆ!’ ಎಂದುಕೊಂಡಳು ಅನು. ‘ಎಷ್ಟು ಬಾಯಿ ಇವಳಿಗೆ!’ ಎಂದುಕೊಂಡ ಅವನು.

“ನಿಮ್ಮ ತಂದೆ ಬಂದೂಕು ಇಟ್ಟಿದ್ದಾರಾ?”

“ರಿಪೇರಿ ಮಾಡ್ತಾರೆ. ಗುಂಡ್ಲುಪೇಟೆ ಮಹದೇವಯ್ಯ ಅಂದ್ರೆ ಎರಡು ತಾಲ್ಲೂಕಿಗೂ ಗೊತ್ತು.”

ಆ ಹೆಸರು ಕೇಳಿದ್ದೇ ಅವನು ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ಕುರ್ಚಿಗೆ ಮರಳಿ ಪೆನ್ಸಿಲ್ ಹಿಡಿದ.

ಮಾರನೆಯ ದಿನ ಅನು ಬಂದಾಗ ಅವಳ ಮೇಜಿನ ಮೇಲೆ ಒಂದು ಮೊಬೈಲ್ ಇತ್ತು. “ಆಡಿ ನೋಡಿ” ಎಂದ ಶಿವಮಲ್ಲು, ಇನ್ನೆಲ್ಲೋ ನೋಡುತ್ತ.

ಆಡಿದಳು. ಮೊದಲ ಗುಂಡು ತಪ್ಪಿತು. ಈಗ ಮದ್ದು ಸುರಿಯಬೇಕು… ಪರದೆಯ ಮೇಲಿನ ಕೈಗಳು ಸಣ್ಣಗೆ ನಡುಗುತ್ತಿದ್ದವು. ಗಜ ಜಡಿಯುವ ಹೊತ್ತಿಗೆ ರಾಗಿ ತೆನೆಗಳು ಅಲುಗಿದವು. ಹಂದಿ ಹತ್ತಿರ ಬರುತ್ತಿದೆ… ಕೇಪು ಜಾರಿ ಕೆಳಗೆ ಬಿತ್ತು! ಅನು ಉಸಿರು ಬಿಗಿಹಿಡಿದಳು. ಅದೇ ಅರ್ಧ ನಿಮಿಷ. ಆದರೆ ಅಷ್ಟು ಉದ್ದದ ಅರ್ಧ ನಿಮಿಷವನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಕೊನೆಗೆ ‘ಢಂ’ ಎಂದಾಗ ಅವಳೇ ಬೆಚ್ಚಿದಳು.

“ಹಂದಿ ಓಡ್ತಾ?” ಎಂದ ಅವನು.

“ಓಡ್ತು… ನನ್ನ ಜೀವಾನೂ ಓಡ್ತಿತ್ತು.”

ಅವನು ನಕ್ಕ. ಅವಳೂ ನಕ್ಕಳು. ಮಲೆ ಮಾದಪ್ಪ ಎರಡು ಜೀವಗಳನ್ನು ಗಂಟು ಹಾಕಬೇಕು ಅಂದುಕೊಂಡರೆ ಮೊದಲು ಒಂದು ಜಗಳ ಕೊಡುತ್ತಾನಂತೆ. ಅನುವಿನ ಅವ್ವ ಗುರುಮಲ್ಲಮ್ಮ ಹೇಳುತ್ತಿದ್ದ ಮಾತು ಅದು.

ಜಗಳವೇನೂ ನಿಲ್ಲಲಿಲ್ಲ. ಬಂದೂಕಿನ ನಳಿಕೆ ಇಷ್ಟು ಹೊಳೆಯಬಾರದು ಎಂದು ಅವಳು, ಹೊಳೆಯದಿದ್ದರೆ ಬೆಳದಿಂಗಳು ಕಾಣುವುದೆಲ್ಲಿ ಎಂದು ಅವನು. ಮಧ್ಯಾಹ್ನ ಇಬ್ಬರೂ ಬುತ್ತಿ ಬಿಚ್ಚುತ್ತಿದ್ದುದು ಮಾತ್ರ ಒಂದೇ ಮೇಜಿನ ಮೇಲೆ. ಸಂಜೆ ಗುಂಡ್ಲುಪೇಟೆ ಬಸ್ಸಿಗೆ ಅವಳು ಹತ್ತುವ ತನಕ ಅವನು ನಿಂತಿರುತ್ತಿದ್ದ. ಅವನ ಉಮ್ಮತ್ತೂರಿನ ಬಸ್ಸು ಅಷ್ಟರಲ್ಲಿ ಎರಡು ಹೋಗಿರುತ್ತಿದ್ದವು.

“ನಿಮ್ಮ ಬಸ್ಸು ಹೋಯ್ತಲ್ಲ…”

“ಹೋಗ್ಲಿ ಬುಡಿ, ಮೂರನೇದು ಬತ್ತದೆ.”

ಅವನ ಬಾಯಿಂದ ಊರಿನ ಮಾತು ಜಾರಿದಾಗಲೆಲ್ಲ ಅವಳಿಗೆ ಒಳಗೊಳಗೇ ಹಿತವಾಗುತ್ತಿತ್ತು. ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಅವನಿಗೂ ಬರಲಿಲ್ಲ.

ಮೂರು ತಿಂಗಳು ಕಳೆಯಿತು.

ಆಟವನ್ನು ಕೊಳ್ಳುವವರು ಬರುವ ದಿನ ಗೊತ್ತಾಯಿತು. ಪ್ರತಿಯೊಂದು ಬಂದೂಕಿನ ಕೆಳಗೂ ‘ಪರಿಶೀಲಿಸಲಾಗಿದೆ’ ಎಂದು ಅನು ಸಹಿ ಹಾಕಬೇಕೆಂದರು ರಾಜಶೇಖರ್. ಆಟದ ಹೆಗ್ಗಳಿಕೆಯೇ ಅದು, ಒಂದು ಮೊಳೆಯೂ ಸುಳ್ಳಿರಬಾರದು.

ಹನ್ನೊಂದು ಬಂದೂಕುಗಳಿಗೆ ಸಹಿ ಬಿತ್ತು. ಹನ್ನೆರಡನೆಯದು ಪರದೆಯ ಮೇಲೆ ಬಂದಾಗ ಅನುವಿನ ಕೈ ನಿಂತಿತು.

ಅಂಥ ಚೆಲುವಿನ ಬಂದೂಕನ್ನು ಶಿವಮಲ್ಲು ಹಿಂದೆ ಬರೆದಿರಲಿಲ್ಲ. ಮರದ ಹಿಡಿ ಕೈಯಾಡಿ ಆಡಿ ನುಣುಪಾಗಿತ್ತು. ಹಗ್ಗ ಕಟ್ಟಿದ ಕಡೆ ಸವೆದ ಗುರುತಿತ್ತು. ಆದರೆ ಕುದುರೆ, ಕೇಪಿನ ಮೇಲೆ ಬಡಿಯುವ ಆ ಸುತ್ತಿಗೆಯಂಥ ಭಾಗ, ಎಡಗಡೆಗಿತ್ತು!

“ಇದು ಎಡಗಡೆ ಯಾಕಿದೆ?”

“ಅದು… ಹಾಗೇ ಇರೋದು” ಎಂದ ಶಿವಮಲ್ಲು.

“ಎಲ್ಲಿ ಹಾಗಿರೋದು? ಗುರಿ ಹಿಡಿಯೋನು ಕೆನ್ನೆ ಒತ್ತೋದೇ ಎಡಗಡೆ. ಕಿಡಿ ನೇರ ಅವನ ಕಣ್ಣಿಗೇ ಹಾರುತ್ತೆ!”

ರಾಜಶೇಖರ್ ನಡುವೆ ಬಂದರು. “ಅಮ್ಮಾ, ಪರದೆ ಮೇಲೆ ಚೆನ್ನಾಗಿ ಕಾಣುತ್ತೆ ಕಣಮ್ಮ. ಕಲ್ಪನೆಗೆ ಅಷ್ಟಾದರೂ ಜಾಗ ಬೇಡವಾ?”

“ಕಲ್ಪನೆ ಅಂತ ಬರೆಯಲಿ ಸರ್, ನಾನು ತಕರಾರು ಮಾಡಲ್ಲ. ನಿಜ ಅಂತ ನನ್ನ ಸಹಿ ಯಾಕೆ?” ಅವಳು ಶಿವಮಲ್ಲುವಿನ ಕಡೆ ತಿರುಗಿದಳು. “ಇಂಥದ್ದನ್ನ ಕಣ್ಣಾರೆ ನೋಡಿದ್ದೀರಾ?”

“ನೋಡಿದ್ದೀನಿ.”

“ಎಲ್ಲಿ?”

ಅವನು ಪರದೆಯ ಕಡೆ ಕಣ್ಣು ತಿರುಗಿಸಿದ.

“ಯಾರದ್ದು? ಫೋಟೋ ಇದೆಯಾ?”

“ಇದೆ… ತೋರಿಸೋಕಾಗಲ್ಲ.”

ಅನು ಪರದೆಯಿಂದ ಹಿಂದೆ ಸರಿದಳು. ‘ಮೂರು ತಿಂಗಳು ನನ್ನಿಂದ ಎಲ್ಲ ಕಲಿತು, ಕೊನೆಗೆ ನನ್ನ ಕಣ್ಣಿಗೇ ಮಣ್ಣೆರಚುತ್ತಿದ್ದಾನಾ? ಚೆಂದಕ್ಕೆ ಬರೆದೆ ಅಂತ ಒಪ್ಪಿಕೊಂಡಿದ್ದರೆ ಆಗುತ್ತಿರಲಿಲ್ಲವಾ?’

“ನಮ್ಮಪ್ಪನ ಕೆನ್ನೆ ಮೇಲೆ ಇವತ್ತೂ ಮದ್ದಿನ ಕಪ್ಪು ಚುಕ್ಕೆಗಳಿವೆ. ಬಂದೂಕು ಅಂದ್ರೆ ಹುಡುಗಾಟ ಅಲ್ಲ. ಇಂಥದ್ದನ್ನ ಮಾಡೋನು ಒಂದೋ ಕುರುಡ, ಇಲ್ಲಾ ಕೊಲೆಗಾರ!”

ಶಿವಮಲ್ಲುವಿನ ಮುಖ ಬಿಳಿಚಿತು.

“ಹಂಗನ್ನಬೇಡಿ ಅನು. ಬೇರೆ ಏನು ಬೇಕಾದ್ರೂ ಅನ್ನಿ. ಅದೊಂದು ಮಾತು ಬೇಡ.”

“ಹಾಗಾದ್ರೆ ನಿಜ ಹೇಳಿ!”

ಅವನು ಅವಳನ್ನೇ ನೋಡಿದ. ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ‘ಸುಳ್ಳು ಬರೆದವನು ಎಂಬ ಹೆಸರು ಹೊತ್ತು ಅಲ್ಲಿ ಕೂರಲಾರೆ’ ಎಂದು ರಾಜಶೇಖರ್‌ಗೆ ಎರಡು ಸಾಲು ಕಳಿಸಿದ್ದನಂತೆ. ಹನ್ನೆರಡನೆಯ ಬಂದೂಕನ್ನು ಆಟದಿಂದ ತೆಗೆದರು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಬುತ್ತಿ ಬಿಚ್ಚುವಾಗ ಎದುರಿನ ಕುರ್ಚಿ ಖಾಲಿ. ‘ನಾನು ಹೇಳಿದ್ದು ಸರಿ ತಾನೇ?’ ಎಂದು ಅನು ದಿನಕ್ಕೆ ನೂರು ಸಲ ಕೇಳಿಕೊಂಡಳು. ಸರಿಯೇ ಆಗಿದ್ದರೆ ತುತ್ತು ಯಾಕೆ ಗಂಟಲಲ್ಲಿ ಇಳಿಯುತ್ತಿಲ್ಲ?

ಅದಾಗಿ ಹತ್ತು ದಿನಕ್ಕೆ ಪಂಚಾಯಿತಿ ಚುನಾವಣೆ ಘೋಷಣೆಯಾಯಿತು. ಚುನಾವಣೆ ಬಂತೆಂದರೆ ಬೆಳೆ ಕಾಯುವ ಪರವಾನಗಿ ಬಂದೂಕುಗಳೆಲ್ಲ ಠಾಣೆ ಸೇರಬೇಕು, ಮುಗಿದ ಮೇಲೆ ವಾಪಸ್ಸು. ಒಳಗೆ ಮದ್ದು ಉಳಿದಿದೆಯೇ ಎಂದು ನೋಡಿಕೊಡಲು ಸಂತೆಮರಹಳ್ಳಿ ಠಾಣೆಯವರು ಮಹದೇವಯ್ಯನವರನ್ನು ಕರೆದರು. ಚೀಟಿ ಬರೆಯಲು ಅನುವೂ ಜೊತೆಗೆ ಹೋದಳು.

ಠಾಣೆಯ ಅಂಗಳದ ಹೊಂಗೆ ಮರದ ನೆರಳಲ್ಲಿ ರೈತರ ಸಾಲು. ಒಬ್ಬೊಬ್ಬರ ಹೆಗಲ ಮೇಲೂ ಗೋಣಿಚೀಲ ಸುತ್ತಿದ ಬಂದೂಕು, ಕೈಯಲ್ಲಿ ಲೈಸೆನ್ಸ್ ಪುಸ್ತಕ.

“ಎಲೆಕ್ಷನ್ನು ನಮಗ ಕಣಪ್ಪ, ಹಂದಿಗಲ್ಲ. ಅವು ಈ ತಿಂಗಳೆಲ್ಲಾ ಹಬ್ಬ ಮಾಡ್ತವೆ” ಎಂದನೊಬ್ಬ. ಸಾಲು ನಕ್ಕಿತು.

ಅನು ತಲೆ ತಗ್ಗಿಸಿ ಚೀಟಿ ಬರೆಯುತ್ತಿದ್ದಳು. “ಹೆಸರು?”

“ಚಿಕ್ಕಮಾದು. ಉಮ್ಮತ್ತೂರು.”

ಲೇಖನಿ ನಿಂತಿತು. ತಲೆಯೆತ್ತಿದಳು. ಮುದುಕನ ಹಿಂದೆ ಗೋಣಿಚೀಲ ಹಿಡಿದು ನಿಂತಿದ್ದವನು ಶಿವಮಲ್ಲು!

ಸೊರಗಿದ್ದ. ಗಡ್ಡ ಬಂದಿತ್ತು. ಅವಳನ್ನು ಕಂಡವನೇ ಚೀಲವನ್ನು ಎದೆಗವಚಿಕೊಂಡ.

“ಕೊಡ್ಲಾ, ಯಾಕಂಗ್ ತಬ್ಕಂಡಿದ್ದೀಯೆ? ನಿನ್ ಮದುವೆ ಹೆಣ್ಣಾ ಅದು?” ಎಂದು ಅವನ ಅಪ್ಪ ಚಿಕ್ಕಮಾದು ಕಿತ್ತು ಮೇಜಿನ ಮೇಲಿಟ್ಟ.

ಅನು ಗೋಣಿ ಬಿಚ್ಚಿದಳು.

ಅದೇ ಬಂದೂಕು. ನುಣುಪಾದ ಹಿಡಿ, ಹಗ್ಗ ಸವೆಸಿದ ಗುರುತು… ಎಡಗಡೆಗೆ ಕುದುರೆ! ಕುದುರೆಯ ಬುಡದಲ್ಲಿ ಪುಟ್ಟದಾಗಿ ಕೊರೆದ ಬಿಲ್ವಪತ್ರೆ. ಮೂರು ಎಲೆ. ತನ್ನ ಕೈಯಾರೆ ಮಾಡಿದ ಕೆಲಸಕ್ಕೆ ಮಾತ್ರ ಆ ಗುರುತು ಹಾಕುವವರು ಲೋಕದಲ್ಲಿ ಒಬ್ಬರೇ. ಅವಳ ಅಪ್ಪ.

‘ಕುರುಡ, ಇಲ್ಲಾ ಕೊಲೆಗಾರ’ ಎಂದದ್ದು ಯಾರನ್ನು?

ಒಡನೆಯೇ ಇನ್ನೊಂದು ಹೊಳೆಯಿತು. ಪರವಾನಗಿ ಬಂದೂಕಿನ ಕುದುರೆಯನ್ನು ಅಪ್ಪಣೆಯಿಲ್ಲದೆ ಬದಲಾಯಿಸುವುದು ಅಪರಾಧ. ಅಪ್ಪನ ರಿಪೇರಿ ಲೈಸೆನ್ಸೇ ಹೋಗಿಬಿಡಬಹುದು… ಅದಕ್ಕೇ ಅವನು ಬಾಯಿ ಬಿಡಲಿಲ್ಲ! ಕೆಲಸ ಬಿಟ್ಟ, ಸುಳ್ಳುಗಾರ ಅನ್ನಿಸಿಕೊಂಡ. ಆದರೂ ನನ್ನ ಅಪ್ಪನ ಹೆಸರು ಹೇಳಲಿಲ್ಲ!

ಸಬ್ ಇನ್‌ಸ್ಪೆಕ್ಟರ್ ಇತ್ತಲೇ ಬರುತ್ತಿದ್ದರು. ಅನು ಬಿಲ್ವಪತ್ರೆಯ ಮೇಲೆ ಕೈ ಮುಚ್ಚಿದಳು. ಶಿವಮಲ್ಲು ಮೇಜಿಗೆ ಅಡ್ಡ ನಿಂತ. ಇಬ್ಬರ ಕಣ್ಣುಗಳೂ ಒಂದೇ ಭಯದಲ್ಲಿ ಕೂಡಿದವು.

“ಕೈ ತಗಿಯಮ್ಮಿ” ಎಂದರು ಮಹದೇವಯ್ಯ, ಪಕ್ಕದಿಂದ. “ಬೆವರು ಕೂತ್ರ ತುಕ್ಕು ಹಿಡೀತದ. ನಾನೇ ಮಾಡಿದ್ದು ಕಣ ಅದ.”

“ಅಪ್ಪಾ… ಸ್ವಲ್ಪ ಮೆಲ್ಲಗೆ…”

“ಯಾಕ ಮೆಲ್ಲಗ? ಚಿಕ್ಕಮಾದು ಎಡಚ. ಬಲಗೈ ಬಂದೂಕಲ್ಲಿ ಎರಡು ಸಲ ಮುಖ ಸುಟ್ಟುಕಂಡು ಬಂದ. ಮಾದಪ್ಪ ಅವನಿಗ ಎಡಗೈ ಬಲ ಕೊಟ್ಟಿದ್ರ, ಬಂದೂಕ ತಿರುಗಿಸಬೇಕೇ ಹೊರತು ಮನುಷ್ಯನ್ನ ತಿರುಗಿಸಕ್ಕಾದದಾ?” ಕೆನ್ನೆಯ ಕಪ್ಪು ಚುಕ್ಕೆಗಳನ್ನು ಸವರಿಕೊಂಡು ನಕ್ಕರು. “ನಾನು ಮರೆತು ಬಲಗೈಲಿ ಹಾರಿಸಿ ನೋಡ್ದೆ. ಅದರ ಪ್ರಸಾದ ಇದು.”

“ಸಾಹೇಬ್ರು ಕೇಳಿದ್ರೆ?”

“ಪುಸ್ತಕದ ಮೂರನೇ ಹಾಳೆ ನೋಡು.”

ಅನು ಲೈಸೆನ್ಸ್ ಪುಸ್ತಕ ತೆರೆದಳು. ‘ಎಡಗೈ ಬಳಕೆಗೆ ಬದಲಾವಣೆ, ಅನುಮತಿ ನೀಡಿದೆ.’ ಸಹಿ. ಮೊಹರು.

ಶಿವಮಲ್ಲು ಬಗ್ಗಿ ಓದಿದ. ಮತ್ತೊಮ್ಮೆ ಓದಿದ. “ಅಪ್ಪಾ! ಯಾರಿಗೂ ಹೇಳಬ್ಯಾಡ, ಮಹದೇವಯ್ಯನವರು ಜೈಲಿಗೋಯ್ತಾರೆ ಅಂದಿದ್ದೆಯಲ್ಲಾ?”

ಚಿಕ್ಕಮಾದು ಬಾಯಿ ತೆರೆದ. “ಕಾಗದ ಬರೋಗಂಟ ಅಂದಿದ್ದೆ ಕಣ್ಲಾ! ನೀನಾಗ ಎರಡನೇ ಕ್ಲಾಸು. ಇಪ್ಪತ್ತು ವರ್ಸದಿಂದ ಮಡಿಕಂಡಿದ್ದೀಯಾ? ಥೂ ನಿನ್ನ, ಒಂದ್ಸಲ ಕೇಳಬಾರ್ದಾಗಿತ್ತಾ?”

ಸಾಲಿಗೆ ಸಾಲೇ ನಕ್ಕಿತು. ಅನುವಿಗೆ ನಗು ಬರಲಿಲ್ಲ. ಅವಳ ಕಣ್ಣು ತುಂಬಿ ಚೀಟಿಯ ಮೇಲಿನ ಶಾಯಿ ಕದಡಿತ್ತು.

ಅಷ್ಟರಲ್ಲಿ ಶಿವಮಲ್ಲು ಬಸ್ ನಿಲ್ದಾಣದ ಕಡೆ ನಡೆದುಬಿಟ್ಟಿದ್ದ. ಅವಳು ಓಡಿದಳು.

“ಶಿವಮಲ್ಲು… ನಿಲ್ಲಿ!”

ನಿಂತ. ತಿರುಗಲಿಲ್ಲ.

“ಬಂದೂಕು ಸುಳ್ಳು ಅಂದಿದ್ದಕ್ಕೆ ಬೇಜಾರಿಲ್ಲ ಅನು. ನಿಮಗೆ ಗೊತ್ತಿರಲಿಲ್ಲ. ನನ್ನನ್ನೇ ಸುಳ್ಳುಗಾರ ಅಂದುಕೊಂಡ್ರಲ್ಲ… ಮೂರು ತಿಂಗಳು ಜೊತೇಲಿ ಕೂತು ಉಂಡ ಮೇಲೂ.”

ಅನು ಮೊಬೈಲ್ ತೆಗೆದು ರಾಜಶೇಖರ್‌ಗೆ ಕರೆ ಮಾಡಿದಳು, ಅವನಿಗೂ ಕೇಳುವಂತೆ ಸ್ಪೀಕರ್ ಹಾಕಿ.

“ಸರ್, ಹನ್ನೆರಡನೇ ಬಂದೂಕು ನಿಜ. ಈಗ ಕೈಯಲ್ಲಿ ಹಿಡಿದು ನೋಡಿದೆ. ತಪ್ಪು ನನ್ನದು. ಎಲ್ಲರ ಎದುರಿಗೆ ಬೈದಿದ್ದೆ, ನಾಳೆ ಎಲ್ಲರ ಎದುರಿಗೇ ಹೇಳ್ತೀನಿ. ಆಟದಲ್ಲಿ ಕಾವಲಿನವನು ಎಡಚ ಆದ್ರೆ ಸಾಕು, ಒಂದು ಗೆರೆಯನ್ನೂ ಬದಲಾಯಿಸಬೇಕಾಗಿಲ್ಲ. ಸಹಿ ನಾನು ಹಾಕ್ತೀನಿ.”

“ಅದೆಲ್ಲ ಸರಿಯಮ್ಮ. ಬರೆದೋನು ಬರ್ತಾನಾ ಕೇಳು” ಎಂದರು.

ಕರೆ ಕಡಿಯಿತು. ಸಂತೆಗೆ ಬಂದವರು ಅವರಿಬ್ಬರನ್ನು ಸುತ್ತಿ ಬಳಸಿ ಹೋಗುತ್ತಿದ್ದರು.

“ಸರ್ ಕೇಳ್ತಿದ್ದಾರೆ… ಬರ್ತೀರಾ ಅಂತ.”

ಈಗ ಅವನು ತಿರುಗಿದ. “ಸರ್ ಒಬ್ರೇನಾ ಕೇಳ್ತಿರೋದು?”

ಅನು ಕೆನ್ನೆ ಒರೆಸಿಕೊಂಡಳು. “ನಾನೂ ಕೇಳ್ತಿದ್ದೀನಿ. ಹದಿನೈದು ದಿನದಿಂದ… ಪ್ರತಿ ತುತ್ತಿಗೂ ಕೇಳ್ತಿದ್ದೀನಿ.”

ಅವನ ಮುಖದ ಬಿಗುವು ಮೆಲ್ಲಗೆ ಸಡಿಲವಾಯಿತು.

“ಒಂದು ಷರತ್ತು. ಇನ್ಮೇಲೆ ಬೈಯೋಕೆ ಮುಂಚೆ ನಂಬಬೇಕು.”

“ನೀವೂ ಅಷ್ಟೇ. ಬಾಯಿ ಮುಚ್ಚಿಕೊಂಡು ತ್ಯಾಗ ಮಾಡಬಾರದು. ಮನಸ್ಸಲ್ಲಿರೋದನ್ನ ಹೇಳಿಬಿಡಬೇಕು.”

“ಎಲ್ಲಾನೂ?”

“ಎಲ್ಲಾನೂ.”

ಅವನು ಸುತ್ತ ನೋಡಿದ. ನೆಲ ನೋಡಿದ. ಕೊನೆಗೆ ಅವಳ ಕಣ್ಣನ್ನೇ ನೋಡಿ, ಮೇಡಂ ಎನ್ನುವುದನ್ನೂ ನೀವು ಎನ್ನುವುದನ್ನೂ ಬಿಟ್ಟು, ಉಮ್ಮತ್ತೂರಿನ ದನಿಯಲ್ಲಿ ಹೇಳಿದ.

“ನಿನ್ನ ಕಂಡ್ರೆ ನಂಗೆ ಪ್ರಾಣ ಕಣಮ್ಮಿ.”

ಅನುವಿನ ತುಟಿ ಅರಳಿತು.

“ಇನ್ನೊಂದ್ ಸಲ ಹೇಳು…”

“ಯಾಕೆ?”

“ಪರಿಶೀಲಿಸಬೇಕು. ನಿಜಾನಾ, ಕಲ್ಪನೇನಾ ಅಂತ.”

“ಏನನ್ನಿಸ್ತು?”

“ಎರಡೂ” ಎಂದಳು ಅವಳು, ಅವನ ಮಸಿ ಮೆತ್ತಿದ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿ.