ಇಪ್ಪತ್ತೆರಡು ಇಂಚಿನ ಅಂಗಿ

ಮಂಗಳವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಇಸ್ತ್ರಿ ಅಂಗಡಿಯ ಹೆಂಗಸು ಬಗಲಲ್ಲಿ ಕಾಗದದ ಪೊಟ್ಟಣ ಇಟ್ಟುಕೊಂಡು ಠಾಣೆಗೆ ಬಂದಳು. ಇನ್ಸ್‌ಪೆಕ್ಟರ್ ಬೆಂಚು ತೋರಿಸಿದರು. ಆಕೆ ಬೆಂಚನ್ನೊಮ್ಮೆ ನೋಡಿ, ನಿಂತೇ ಹೇಳುತ್ತೇನೆ ಎಂದಳು. ಬಡವರ ಸಂಕೋಚವಿರಬೇಕೆಂದು ಅವರು ಒತ್ತಾಯಿಸಲಿಲ್ಲ. ಹಾಗೆಂದುಕೊಂಡದ್ದು ತಪ್ಪೆಂದು ತಿಳಿಯಲು ಮಧ್ಯಾಹ್ನವಾಯಿತು.

ಊರಿಗೆಲ್ಲ ದೊಡ್ಡಮ್ಮ ಎನಿಸಿಕೊಂಡ ಗಿರಣಿಯ ಒಡತಿ ಈ ಇಸ್ತ್ರಿಯವಳ ಹದಿನೇಳರ ಮಗಳನ್ನು ಓದಿಸುತ್ತೇನೆಂದು ಎಂಟು ತಿಂಗಳ ಹಿಂದೆ ತನ್ನ ಬಂಗಲೆಯಲ್ಲಿ ಇರಿಸಿಕೊಂಡಿದ್ದರು. ತಾಯಿಗೂ ಗಿರಣಿಯ ಹಿಂದೆ ಇರಲು ಒಂದು ಕೋಣೆ ಕೊಟ್ಟಿದ್ದರು. ದೂರು ಕೊಟ್ಟರೆ ಮಗಳ ಓದೂ ಹೋಗುತ್ತದೆ, ತಲೆಯ ಮೇಲಿನ ಸೂರೂ ಹೋಗುತ್ತದೆ. ಅದು ಗೊತ್ತಿದ್ದೂ ಬಂದಿದ್ದಳು.

"ಭಾನುವಾರ ಗೇಟಿನ ಹತ್ರ ನಿಂತಿದ್ದೆ ಸಾರ್. ನನ್ನ ಮಗಳೇ ಬಂದು, 'ಯಾರು ಬೇಕಾಗಿತ್ತು?' ಅಂದ್ಲು. ತಮಾಷೆ ಅಂದ್ಕೊಂಡೆ. ಕಣ್ಣು ನೋಡಿದ್ರೆ ತಮಾಷೆ ಇರ್ಲಿಲ್ಲ."

ಪೊಟ್ಟಣದಲ್ಲಿ ಒಂದು ನೀಲಿ ಅಂಗಿಯಿತ್ತು. ಕಾಲಿನವರೆಗೆ ಉದ್ದ, ಬೆನ್ನಿಗೆ ಸಾಲಾಗಿ ಗುಂಡಿ. ಅಂದು ಮಗಳು ತೊಟ್ಟಿದ್ದ ಬಟ್ಟೆ. ಸೋಮವಾರ ಇಸ್ತ್ರಿಗೆ ಬಂದಿತ್ತು. ಅಂಥದೇ ಹಳೆಯದೊಂದನ್ನು ಹೋದ ವಾರ ಇಸ್ತ್ರಿ ಮಾಡಿ ಕಳಿಸಿದ್ದಳು. ಮಹಿಳಾ ಹೆಡ್ ಕಾನ್‌ಸ್ಟೇಬಲ್ ಅದರ ಒಳಮೈ ಹೊರಗೆ ಮಾಡಿ ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಎಳೆದಳು. ಅವಳ ತಂದೆ ದರ್ಜಿ.

"ಬೆಳೆಯೋ ಮಕ್ಕಳ ಬಟ್ಟೆ ಹೊಲಿಯೋವಾಗ ಒಳಗೆ ಎರಡು ಬೆರಳು ಬಿಡ್ತಾರೆ ಸಾರ್, ಆಮೇಲೆ ಬಿಚ್ಚಿ ದೊಡ್ಡದು ಮಾಡೋಕೆ. ಇದರಲ್ಲಿ ಏನೂ ಬಿಟ್ಟಿಲ್ಲ."

ಇನ್ಸ್‌ಪೆಕ್ಟರ್ ಆ ಅಂಗಿಯನ್ನು ನೋಡುತ್ತ ಕುಳಿತರು. ಫ್ಯಾನಿನ ಗಾಳಿಗೆ ಅದರ ತೋಳು ಮೇಜಿನ ಮೇಲೆ ಮೆಲ್ಲಗೆ ಮೇಲೆದ್ದು, ಮತ್ತೆ ಮಲಗಿತು. ಮಗಳನ್ನು ಬಿಡಿಸಿಕೊಡಿ ಎಂಬ ತಾಯಿಯ ದೂರಿನ ಮೇಲೆ ಹನ್ನೊಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು.

ಕಾಲರಿನ ಚೀಟಿಯಲ್ಲಿದ್ದ ಅಂಗಡಿ ಪೇಟೆಯ ಹಿಂದಿನ ಸಂದಿಯಲ್ಲಿತ್ತು. ಮುದುಕ ದರ್ಜಿ ಅಳತೆಯ ಪುಸ್ತಕ ತೆರೆದು ಕೊಟ್ಟ. ಒಂದು ಪುಟಕ್ಕೆ ಹೆಸರಿರಲಿಲ್ಲ. ಸೊಂಟ ಇಪ್ಪತ್ತೆರಡು ಇಂಚು. ಕೆಳಗೆ ಇಪ್ಪತ್ತೊಂದು ವರ್ಷಗಳಲ್ಲಿ ಹರಡಿದ ಹನ್ನೊಂದು ತಾರೀಖುಗಳು, ಬಂಗಲೆಗೆ ಬಂದ ಒಬ್ಬೊಬ್ಬ ಹುಡುಗಿಗೆ ಒಂದೊಂದು.

"ಹನ್ನೊಂದು ಹುಡುಗಿಯರಿಗೂ ಒಂದೇ ಅಳತೆನಾ?"

"ನನ್ನ ಪ್ಯಾಂಟನ್ನೇ ನಾನು ಮೂರು ಸಲ ಬಿಚ್ಚಿ ಹೊಲಿದಿದ್ದೀನಿ ಸಾರ್," ಎಂದ ದರ್ಜಿ ನಗಲು ಹೋಗಿ ನಿಲ್ಲಿಸಿದ. "ಅಳತೆ ಕೊಡೋಕೆ ಯಾರನ್ನೂ ಕಳಿಸಲ್ಲ. ಕೇಳಿದ್ರೆ ದೊಡ್ಡಮ್ಮ, 'ನೀನು ಹೊಲಿ, ಹುಡುಗಿ ಅದಕ್ಕೆ ಸರಿಹೋಗ್ತಾಳೆ' ಅಂತಾರೆ."

ಒಬ್ಬಳು ಮಾತ್ರ ತಾನಾಗಿ ಬಂದಿದ್ದಳಂತೆ, ನಾಲ್ಕು ವರ್ಷದ ಹಿಂದೆ. ಒಂದಿಂಚು ಸಡಿಲ ಮಾಡಿಕೊಡಿ ಎಂದು ಕೈಮುಗಿದಿದ್ದಳಂತೆ. ಬಿಚ್ಚಲು ಒಳಗೆ ಬಟ್ಟೆಯೇ ಇರಲಿಲ್ಲ. ಈಗ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಾಳೆ ಎಂದು ಹೇಳಿ ಅವನು ತಲೆ ತಗ್ಗಿಸಿದ. ಪಂಚನಾಮೆ ಬರೆದು ಪುಸ್ತಕವನ್ನು ವಶಕ್ಕೆ ಪಡೆದರು.

ಒಂದೂವರೆಗೆ ಟಿಕೆಟ್ ಕಿಂಡಿಯ ಹಿಂದಿನ ಕೋಣೆಯಲ್ಲಿ ಆ ಹುಡುಗಿ ಸಿಕ್ಕಳು. ಹೆಸರು ಕೇಳಿದರೆ ಒಂದು ಗಳಿಗೆ ತಡೆದು, ಯೋಚಿಸಿ ಹೇಳಿದಳು. ಬಂಗಲೆಯಲ್ಲಿ ಬೇರೊಂದು ಹೆಸರಿನಿಂದ ಕರೆಯುತ್ತಿದ್ದರಂತೆ. ತನ್ನವರ ಮಾತೆತ್ತಿದರೆ, ಯಾರವರು ಎಂದು ಕೇಳುತ್ತಿದ್ದರಂತೆ. ದಿನವೂ ಅಂಥ ನೀಲಿ ಅಂಗಿ ತೊಡಬೇಕು. ಕಡೆಯ ಗುಂಡಿ ಕೂಡದಿದ್ದರೆ ಕೂಡುವ ತನಕ ಊಟವಿಲ್ಲ. ಅವಳಿಗದು ಕೂಡಲೇ ಇಲ್ಲವೆಂದು ಕೊನೆಗೆ ಅವರೇ ಹೊರಗೆ ಕಳಿಸಿದ್ದರಂತೆ.

"ಹೊಡೀತಿದ್ರಾ?"

"ಇಲ್ಲ ಸಾರ್. ಪಕ್ಕದಲ್ಲಿ ಕೂತು ಅಳ್ತಿದ್ರು. ಹೊಡೆದಿದ್ರೆ ಓಡಿಹೋಗ್ತಿದ್ದೆ."

"ಠಾಣೆಗೆ ಯಾಕೆ ಬರ್ಲಿಲ್ಲ?"

"ಬಂದಿದ್ದೆ. ಬೆಂಚಿನ ಮೇಲೆ ಕೂತಿದ್ದೆ. ಒರಗೋ ಕಡೆ ದಾನಿ ಅಂತ ಅವರ ಹೆಸರಿತ್ತು. ಎದ್ದು ಹೋದೆ."

ಇನ್ಸ್‌ಪೆಕ್ಟರ್ ಐದು ವರ್ಷದಿಂದ ದಿನವೂ ಆ ಬೆಂಚನ್ನು ದಾಟಿಯೇ ಒಳಗೆ ಹೋಗುತ್ತಿದ್ದರು. ದೇವರ ಪಟಕ್ಕೆ ಕೈಮುಗಿಯುತ್ತಿದ್ದುದೂ ಅದೇ ಬೆಂಚಿನ ಪಕ್ಕದಲ್ಲಿ ನಿಂತೇ.

ನಾಲ್ಕು ಹತ್ತಕ್ಕೆ ಬಂಗಲೆ ತಲುಪಿದರು. ಹಜಾರದಲ್ಲಿ ಗಡಿಯಾರದ ಸದ್ದೂ ಇರಲಿಲ್ಲ. ಗೋಡೆಯ ಮೇಲೆ ನೀಲಿ ಅಂಗಿ ತೊಟ್ಟು ಕುರ್ಚಿಯಲ್ಲಿ ಕುಳಿತ ಹುಡುಗಿಯ ದೊಡ್ಡ ಚಿತ್ರ. ಅದರ ಕೆಳಗೆ ಅದೇ ಕುರ್ಚಿ, ಅಂಥದೇ ಇನ್ನೊಂದು ಅಂಗಿ, ಹಾಗೇ ಕೈ ಮಡಿಚಿ ಕುಳಿತ ಹುಡುಗಿ. ಇಬ್ಬರಲ್ಲಿ ಉಸಿರಾಡುತ್ತಿರುವವಳು ಯಾರೆಂದು ಇನ್ಸ್‌ಪೆಕ್ಟರಿಗೆ ಒಂದು ಕ್ಷಣ ತಿಳಿಯಲಿಲ್ಲ.

"ಬನ್ನಿ, ಕೂತ್ಕೊಳ್ಳಿ. ಠಾಣೆಗೇನಾದ್ರೂ ಬೇಕಿತ್ತಾ?" ಎಂದರು ದೊಡ್ಡಮ್ಮ. ಬಿಳಿಗೂದಲಿನ ಮೃದು ಮಾತಿನ ಮುದುಕಿ.

ಇನ್ಸ್‌ಪೆಕ್ಟರ್ ಹುಡುಗಿಯ ಕಡೆ ತಿರುಗಿ, "ನಿನ್ನ ಹೆಸರೇನಮ್ಮ?" ಎಂದರು. ಅವಳು ದೊಡ್ಡಮ್ಮನ ಮುಖ ನೋಡಿದಳು. ಎರಡನೆಯ ಸಲವೂ ಹಾಗೇ. ಆಗ ಹೆಡ್ ಕಾನ್‌ಸ್ಟೇಬಲ್ ಕುರ್ಚಿಯ ಹಿಂದೆ ಹೋಗಿ ಮಂಡಿಯೂರಿದಳು.

"ಒಂದು ಗುಂಡಿ ಬಿಚ್ಚಲೇನಮ್ಮ? ಉಸಿರಾಡೋಕೆ."

ಹುಡುಗಿಯ ತಲೆ ಹೂಂ ಎಂಬಂತೆ ಅಲ್ಲಾಡಿತು. ಗುಂಡಿ ಬಿಚ್ಚಿತು, ಇನ್ನೊಂದು ಬಿಚ್ಚಿತು. ಹುಡುಗಿ ನೀರಿನಿಂದ ಮೇಲೆದ್ದವಳಂತೆ ಉಸಿರೆಳೆದುಕೊಂಡು, ಯಾರನ್ನೂ ನೋಡದೆ, "ಅಮ್ಮನ ಕೈ ಇಸ್ತ್ರಿ ವಾಸನೆ ಬರ್ತಿದೆ ಇದರಲ್ಲಿ" ಎಂದಳು.

ಐದು ಗಂಟೆಗೆ ಬಂಧನ. ಆರಕ್ಕೆ ಆಸ್ಪತ್ರೆಯಲ್ಲಿ ಹುಡುಗಿಯ ತೂಕ ಬರೆದುಕೊಂಡರು: ಮೂವತ್ತೊಂದು ಕಿಲೊ. ಇನ್ನೊಂದು ತಿಂಗಳು ಕಳೆದಿದ್ದರೆ ಉಳಿಯುತ್ತಿರಲಿಲ್ಲ ಎಂದರು ವೈದ್ಯೆ.

ಹೇಳಿಕೆಯಲ್ಲಿ ದೊಡ್ಡಮ್ಮ ಏನನ್ನೂ ಮುಚ್ಚಿಡಲಿಲ್ಲ. ಒಬ್ಬಳೇ ಮಗಳು. ಹದಿನೇಳನೆಯ ಹುಟ್ಟುಹಬ್ಬಕ್ಕೆ ಹೊಲಿಸಿದ ಅಂಗಿ ಬಿಗಿಯಾಯಿತು. ಬಿಚ್ಚಿಸುವುದೇಕೆ, ನೀನೇ ಸ್ವಲ್ಪ ಸಣ್ಣಗಾಗು ಎಂದಿದ್ದರು ತಾಯಿ. ಮಗಳು ಮಾತು ಕೇಳುವವಳು. ಅನ್ನ ಬಿಟ್ಟಳು, ಮತ್ತೆ ತಿನ್ನಲು ಅವಳಿಂದ ಆಗಲೇ ಇಲ್ಲ. ಮುಂದಿನ ಹುಟ್ಟುಹಬ್ಬಕ್ಕೆ ಅವಳಿರಲಿಲ್ಲ.

"ಒಬ್ಬಳಾದ್ರೂ ಆ ಅಳತೆಗೆ ಸರಿಹೋಗಿ ಚೆನ್ನಾಗಿ ಬದುಕಿದ್ರೆ ಸಾಕಾಗಿತ್ತು," ಎಂದರು. "ಅವತ್ತು ನಾನು ಆಡಿದ್ದು ತಪ್ಪಲ್ಲ ಅಂತ ಆಗ್ತಿತ್ತು."

ಬುಧವಾರ ಬೆಳಿಗ್ಗೆ ಟಿಕೆಟ್ ಹುಡುಗಿ ಸಾಕ್ಷಿ ಹೇಳಲು ಬಂದಳು. ಬೆಂಚಿನ ಹಿತ್ತಾಳೆ ಫಲಕ ಇದ್ದ ಕಡೆ ನಾಲ್ಕು ಮೊಳೆಯ ತೂತುಗಳಿದ್ದವು. ಬೆರಳಿಂದ ಅವನ್ನು ಸವರಿ ನೋಡಿ, ಕುಳಿತಳು. ಇನ್ಸ್‌ಪೆಕ್ಟರ್ ಪೆನ್ನು ತೆಗೆಯುವ ಮೊದಲೇ, "ಬರ್ಕೊಳ್ಳಿ ಸಾರ್" ಎಂದು ತನ್ನ ಹೆಸರು ಹೇಳಿದಳು.