ಕುದಿನೀರು ಕಂಡ ಬಾಟಲಿಗಳು

ಮೂಟೆಯ ಬಾಯಿ ಬಿಚ್ಚಿದ ಕೂಡಲೇ ಹುಳಿ ಹಾಲಿನ ನಾತ ಮುಖಕ್ಕೆ ಹೊಡೆಯಿತು. ಥೂ, ಮುಖ ಸಿಂಡರಿಸಿ ಹಿಂದೆ ಸರಿದೆ.

ತಂದವನು ಬಾಗಿಲಲ್ಲಿ ನಿಂತು ನಗುತ್ತಿದ್ದ. ಮನೆಮನೆ ಸುತ್ತಿ ಖಾಲಿ ಬಾಟಲಿ, ಡಬ್ಬ ತಂದುಹಾಕುವುದು ಅವನ ಕೆಲಸ. ಅದರಿಂದ ಹೂ, ಪರದೆ, ಲ್ಯಾಂಪ್ ಶೇಡ್ ಮಾಡುವುದು ನನ್ನ ಕೆಲಸ. ಚಿಕ್ಕಮ್ಮ ಇದನ್ನು ವರ್ಕ್‌ಶಾಪ್ ಅನ್ನುತ್ತಾಳೆ. ಇರುವುದು ಅವಳ ಮನೆ ಹಿಂದಿನ ಶೆಡ್ಡು, ಎರಡು ಮೇಜು, ಒಂದು ನಲ್ಲಿ.

ತೊಳೆದು ತರುವುದಕ್ಕೆ ಏನು ರೋಗ ಎಂದು ಕೇಳಿದೆ. ತೊಳೆದರೆ ನನ್ನ ಸಿಂಡರಿಸಿದ ಮುಖ ನೋಡಲು ಸಿಗುವುದಿಲ್ಲವಂತೆ. ಹೇಳುವಾಗ ಕಣ್ಣು ಬೇರೆ ಕಿರಿದು ಮಾಡಿದ. ಆ ಕಣ್ಣು ಕಂಡರೆ ನನಗೆ ಒಳಗೇನೋ ಆಗುತ್ತದೆ. ಆದದ್ದನ್ನು ಮುಚ್ಚಿಕೊಳ್ಳಲು ನಾಲಿಗೆ ಹರಿಬಿಡುತ್ತೇನೆ.

"ನಿಮ್ಮ ಮೈಯಿಂದಾನೂ ಇದೇ ವಾಸನೆ ಬರುತ್ತೆ. ಹತ್ತಿರ ನಿಲ್ಲೋಕಾಗಲ್ಲ," ಎಂದುಬಿಟ್ಟೆ.

ಅವನ ನಗು ಹೋಯಿತು. ಹೋಗುವಾಗ ಗೇಟಿನ ಹತ್ತಿರ ತನ್ನ ಅಂಗಿಯ ತೋಳನ್ನು ತಾನೇ ಮೂಸಿ ನೋಡಿಕೊಂಡ. ಅದನ್ನು ನೋಡಿದ ಮೇಲೆ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೂವಿನ ಪರದೆಯ ಆರ್ಡರ್ ಇತ್ತು. ತಂಪು ಪಾನೀಯದ ಬಾಟಲಿಯ ತಳದಲ್ಲಿ ಐದು ಉಬ್ಬು ಇರುತ್ತವಲ್ಲ, ಅಷ್ಟನ್ನೇ ಕತ್ತರಿಸಿದರೆ ಐದು ಎಸಳಿನ ಹೂ ಸಿದ್ಧ. ಶನಿವಾರ ಪರದೆ ತೂಗುಹಾಕಬೇಕು. ಗುರುವಾರ ಅವನ ಮೂಟೆ ಬಂತು. ಲೇಬಲ್ಲಿಲ್ಲ, ಅಂಟಿಲ್ಲ, ನಾತವಿಲ್ಲ. ಆದರೆ ಒಂದಾದರೂ ನೆಟ್ಟಗಿರಲಿಲ್ಲ. ಎಲ್ಲವೂ ಮುದುಡಿ, ಸೊಟ್ಟಗಾಗಿ, ತಳ ಒಳಕ್ಕೆ ಎಳೆದುಕೊಂಡಿದ್ದವು. ಪುಣ್ಯಾತ್ಮ ಕುದಿಯುವ ನೀರಲ್ಲಿ ಅದ್ದಿ ತೊಳೆದಿದ್ದ.

ಚಿಕ್ಕಮ್ಮ ಅವನ ನೀರಿಳಿಸಿದಳು. ನನ್ನ ಹೆಸರೆತ್ತದೆ, ತಲೆ ತಗ್ಗಿಸಿ ಹೋದ. ಸೋಮವಾರದಿಂದ, ಫ್ಯಾಕ್ಟರಿಯಲ್ಲಿ ಬೇಡವೆಂದು ತೆಗೆದಿಟ್ಟ ಹೊಸ ಬಾಟಲಿ ತರಿಸುತ್ತೇನೆ, ಇವನ ಸಹವಾಸವೇ ಬೇಡ ಎಂದಳು ಚಿಕ್ಕಮ್ಮ. ನಾತವಿಲ್ಲದ ಬಾಟಲಿ. ನಾನು ಕುಣಿಯಬೇಕಿತ್ತು. ಆದರೆ ಇನ್ನು ಅವನು ಬರುವುದಿಲ್ಲ.

ಆಡಿದ ಮಾತನ್ನೆಲ್ಲ ಚಿಕ್ಕಮ್ಮನಿಗೆ ಒಪ್ಪಿಸಿದೆ. ಅವಳು ನನ್ನನ್ನು ಕೆಳಗಿಂದ ಮೇಲೆ ನೋಡಿದಳು.

"ನಾಳೆ ಮಧ್ಯಾಹ್ನದೊಳಗೆ ನೆಟ್ಟಗಿರೋ ಬಾಟಲಿ ಬಂದ್ರೆ ಅವನೂ ಬರಲಿ. ಇಲ್ಲಾಂದ್ರೆ ಇಲ್ಲ. ಹೋಗಿ ನೀನೇ ಹೇಳು."

ಮರುದಿನ ಬೆಳಿಗ್ಗೆಯೇ ಅವನ ಅಂಗಳಕ್ಕೆ ಹೋದೆ. ಸುತ್ತ ಮೂಟೆಗಳು, ಮೇಲೆ ನೊಣ. ನನ್ನನ್ನು ಕಂಡು ಗಾಬರಿಯಾಗಿ ಒಳಗೆ ಓಡಿದ, ಎರಡೇ ನಿಮಿಷಕ್ಕೆ ಬಂದ. ಅಯ್ಯೋ, ಎಂಥದೋ ಸೆಂಟು ಸುರಿದುಕೊಂಡಿದ್ದ. ಹುಳಿ ಹಾಲಿನ ಮೇಲೆ ಮಲ್ಲಿಗೆ ಸೆಂಟು. ಎರಡೂ ಸೇರಿ ನನ್ನ ತಲೆ ಗಿರ್ರೆಂದಿತು.

"ದಯವಿಟ್ಟು ಇದನ್ನ ತೊಳ್ಕೊಂಡು ಬನ್ನಿ," ಎಂದೆ. "ಇದಕ್ಕಿಂತ ಆ ಹಾಲೇ ವಾಸಿ."

"ನಿಮ್ಮ ಹತ್ತಿರ ನಿಲ್ಲೋ ಹಾಗಾಗಬೇಕು ಅಂತ..." ಎಂದವನು ಕೈ ಹಿಂದಕ್ಕಿಟ್ಟುಕೊಂಡ. ಎಳೆದು ನೋಡಿದೆ. ಕುದಿನೀರಿಗೆ ಬೆರಳುಗಳೆಲ್ಲ ಕೆಂಪಾಗಿ ಸಿಪ್ಪೆ ಎದ್ದಿದ್ದವು.

"ನಾನು ಆಡಿದ್ದು ತಪ್ಪು," ಎಂದೆ. "ನೀವು ಬರೋ ದಿನ ನಾನು ಬೆಳಿಗ್ಗೆಯಿಂದ ಬಾಗಿಲು ನೋಡ್ತಿರ್ತೀನಿ. ಬರೋದು ನಿಲ್ಲಿಸಿದ್ರೆ ನನಗೆ ಆಗಲ್ಲ."

ಮಧ್ಯಾಹ್ನದೊಳಗೆ ನೆಟ್ಟಗಿರುವ ಬಾಟಲಿ ಬೇಕೆಂದ ಚಿಕ್ಕಮ್ಮನ ಮಾತನ್ನೂ ಹೇಳಿದೆ. ಅವನು ಇನ್ನೊಂದು ಮಣೆ ತಂದು ಬಾಟಲಿ ತೊಳೆಯುವ ಟಬ್ಬಿನ ಪಕ್ಕ ಹಾಕಿದ. ಗಾಯಕ್ಕೆ ನೀರು ಸೋಕಬಾರದೆಂದು ಅವನಿಗೆ ಲೇಬಲ್ ಸುಲಿಯಲು ಹೇಳಿ, ತಣ್ಣೀರಿಗೆ ನಾನು ಕೈ ಹಾಕಿದೆ. ಲೋಳೆಲೋಳೆ. ಮೂರನೆಯ ಬಾಟಲಿ ಬಗ್ಗಿಸಿದಾಗ ಸತ್ತ ಜಿರಳೆಯೊಂದು ಜಾರಿ ನನ್ನ ಅಂಗೈಗೇ ಬಿತ್ತು. ಕಿಟಾರನೆ ಕಿರುಚಿ ಅದನ್ನು ಕೊಡವಿ ಅವನ ಮಣಿಕಟ್ಟು ಹಿಡಿದುಕೊಂಡೆ.

"ಹೋಯ್ತು, ಎಸೆದಾಯ್ತು," ಎಂದ ಅವನು, ಆ ಕಣ್ಣು ಕಿರಿದು ಮಾಡಿ. "ಇನ್ನು ಬಿಡಬಹುದು."

ನಾನು ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಹಾಗೇ ಕೂತೆ.