ಎಡಗಡೆಯಿಂದ ಬಂದ ಚೆಂಡು

ಮೂರನೆಯ ಚೆಂಡೂ ಡೆಕ್ಲನ್‌ನ ಎಡಭುಜಕ್ಕೆ ಬಡಿದು ಹುಲ್ಲಿನ ಮೇಲೆ ಉರುಳಿತು.

ಟಿಲ್ಲಿ ನಾಲ್ಕನೆಯ ಟೆನಿಸ್ ಚೆಂಡನ್ನು ಎಸೆಯದೆ ಕೈಯಲ್ಲೇ ಹಿಡಿದು ನಿಂತಳು. ಗ್ಯಾರೇಜಿನ ಬಾಗಿಲ ಮುಂದೆ ಅವಳ ಅಣ್ಣ ಮಂಡಿ ಬಗ್ಗಿಸಿ, ಗೋಲಿನಲ್ಲಿ ನಿಲ್ಲುವ ಹಾಗೇ ನಿಂತಿದ್ದ. ಅವಳು ಎಸೆಯಬೇಕು, ಅವನು ಬರಿಗೈಯಲ್ಲಿ ಹಿಡಿಯಬೇಕು. ಪ್ರತಿ ಸಂಜೆ ನೂರು ಚೆಂಡು. ನೂರರಲ್ಲಿ ಎರಡು ತಪ್ಪಿದರೆ ಹೆಚ್ಚು.

"ಯಾಕೆ ನಿಲ್ಲಿಸ್ದೆ? ಎಸಿ," ಅಂದ ಡೆಕ್ಲನ್.

ಟಿಲ್ಲಿ ಬೇಕೆಂದೇ ಬಲಗಡೆಗೆ ಎಸೆದಳು. ಟಪ್ ಎಂದು ಹಿಡಿದ. ಇನ್ನೊಂದನ್ನು ಎಡಗಡೆಗೆ ಎಸೆದಳು. ಚೆಂಡು ಕಿವಿಯ ಪಕ್ಕದಲ್ಲಿ ಹಾದುಹೋದ ಮೇಲೆ ಅವನ ಕೈ ಮೇಲೆದ್ದಿತು.

"ಡೆಕ್, ನಿಂಗೆ ಆ ಕಡೆ ಕಾಣಿಸ್ತಿಲ್ವಾ?"

ಡೆಕ್ಲನ್ ಅಡುಗೆಮನೆಯ ಕಿಟಕಿಯತ್ತ ನೋಡಿದ. ಅಮ್ಮ ಒಳಗೆ ಆಲೂಗಡ್ಡೆ ತೊಳೆಯುತ್ತಿದ್ದಳು. ಅವನು ಹತ್ತಿರ ಬಂದು ಟಿಲ್ಲಿಯ ಎದುರು ಕುಕ್ಕರುಗಾಲಿನಲ್ಲಿ ಕೂತ.

"ಕಾಣಿಸುತ್ತೆ. ಸ್ವಲ್ಪ ಮಬ್ಬು ಅಷ್ಟೆ. ಮಂಗಳವಾರದಿಂದ ತಲೆ ನೋಯ್ತಿದೆ. ಶನಿವಾರದ ಮ್ಯಾಚ್ ಮುಗೀಲಿ, ನಾನೇ ಎಲ್ರಿಗೂ ಹೇಳ್ತೀನಿ. ಅಲ್ಲೀವರೆಗೆ ನೀನು ಬಾಯಿ ಬಿಡಬಾರ್ದು. ಪ್ರಾಮಿಸ್?"

ಟಿಲ್ಲಿ ತಲೆಯಾಡಿಸಿದಳು. ಬೇರೇನು ಮಾಡಬೇಕೆಂದು ಆ ಹೊತ್ತಿಗೆ ಅವಳಿಗೆ ಹೊಳೆಯಲಿಲ್ಲ.

ಮಂಗಳವಾರ ಏನಾಯಿತೆಂದು ಊರಿಗೆಲ್ಲ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಕಾಲೇಜಿನ ಲಕ್ರಾಸ್ ಪಂದ್ಯ ಮುಗಿಯಲು ಆರು ಸೆಕೆಂಡ್ ಇದ್ದಾಗ ಎದುರು ತಂಡದ ದಪ್ಪ ಆಟಗಾರನೊಬ್ಬ ತುದಿಗೆ ಬಲೆಯಿರುವ ಸ್ಟಿಕ್ ಎತ್ತಿಕೊಂಡು ಗೋಲಿಗೇ ನುಗ್ಗಿದ. ಡೆಕ್ಲನ್ ಚೆಂಡನ್ನು ತನ್ನ ಸ್ಟಿಕ್ಕಿನ ಬಲೆಯಲ್ಲಿ ಹಿಡಿದ. ಇಬ್ಬರೂ ಸೇರಿ ಬಿದ್ದರು, ಡೆಕ್ಲನ್‌ನ ಹೆಲ್ಮೆಟ್ ಗೋಲಿನ ಕಂಬಕ್ಕೆ ಬಡಿಯಿತು. ಆದರೆ ಆ ಸದ್ದು ಯಾರ ಕಿವಿಗೂ ಬೀಳಲಿಲ್ಲ. ಅಷ್ಟರಲ್ಲಿ ತಂಡದವರೆಲ್ಲ ಕೂಗುತ್ತ ಓಡಿಬಂದು ಅವನ ಮೇಲೆ ರಾಶಿ ಬಿದ್ದಿದ್ದರು. ಏಳು-ಆರು. ಗೆದ್ದಿದ್ದರು.

ಇನ್ನು ಉಳಿದದ್ದು ಒಂದೇ ಪಂದ್ಯ. ಅದನ್ನೂ ಗೆದ್ದರೆ ಕಾಲೇಜು ತಂಡ ಸುತ್ತಲಿನ ಕಾಲೇಜುಗಳ ಕಾನ್ಫರೆನ್ಸ್ ಟೂರ್ನಮೆಂಟಿಗೆ ಹೋಗುತ್ತದೆ. ನಾಲ್ಕೇ ತಂಡಗಳಿಗೆ ಜಾಗ. ಈ ಊರಿನ ಕಾಲೇಜು ಅಲ್ಲಿಗೆ ಹೋಗಿ ಒಂಬತ್ತು ವರ್ಷವಾಗಿತ್ತು. ಡೆಕ್ಲನ್‌ಗೆ ಇದು ಕೊನೆಯ ವರ್ಷ. ಮೊದಲ ಮೂರು ವರ್ಷ ಅವನು ಬೆಂಚಿನಲ್ಲೇ ಕೂತು, ಬೇರೆಯವರ ನೀರಿನ ಬಾಟಲಿ ತುಂಬಿಸಿದ್ದ.

ರಾತ್ರಿ ಊಟಕ್ಕೆ ಕೂತಾಗ ಡೆಕ್ಲನ್ ಕಣ್ಣು ಕಿರಿದು ಮಾಡಿಕೊಂಡು ಮೇಜಿನ ಮೇಲಿನ ಲೈಟ್ ಆರಿಸಿದ.

"ಇದೇನೋ, ಕರೆಂಟ್ ಕಂಪನಿಯವರ ಮೇಲೆ ಕೋಪಾನಾ?" ಎಂದು ಅಮ್ಮ ನಕ್ಕಳು. ಡೆಕ್ಲನ್ನೂ ನಕ್ಕ. ಟಿಲ್ಲಿ ತಟ್ಟೆಯಿಂದ ತಲೆಯೆತ್ತಲಿಲ್ಲ.

ಮರುದಿನ ಶುಕ್ರವಾರ. ಶಾಲೆಯಲ್ಲಿ ಯಾರಿಗೂ ಪಾಠದ ಮೇಲೆ ಗಮನವಿರಲಿಲ್ಲ. ಟಿಲ್ಲಿಯ ಗೆಳತಿ ಜೂನಿ ಹಸಿರು ಬಣ್ಣದ ದೊಡ್ಡ ಹಾಳೆ ತಂದಿದ್ದಳು. ಅದರ ಮೇಲೆ ಡೆಕ್ಲನ್‌ನ ನಂಬರ್ ಮೂವತ್ತೊಂದನ್ನು ಆಗಲೇ ಬರೆದಾಗಿತ್ತು. ಹೆಸರನ್ನು ಮಾತ್ರ ತಂಗಿಯೇ ಬರೆಯಬೇಕೆಂದು ಎಲ್ಲರೂ ಹಟ ಹಿಡಿದರು. ಟಿಲ್ಲಿ ಬ್ರಷ್ ತೆಗೆದುಕೊಂಡು ಬರೆದಳು. ಕೊನೆಯ ಅಕ್ಷರ ಸೊಟ್ಟಗಾಯಿತು.

"ನಿಮ್ಮಣ್ಣನಿಗೆ ಟೆನ್ಷನ್ ಆಗ್ತಿದ್ಯಾ?" ಎಂದು ಜೂನಿ ಕೇಳಿದಳು.

ಇಲ್ಲ, ಅವನು ಆರಾಮಾಗಿದ್ದಾನೆ ಅಂದಳು ಟಿಲ್ಲಿ. ಅಂದವಳೇ ಬ್ರಷ್ ತೊಳೆಯಲು ಎದ್ದು ಹೋದಳು.

ಅಂದು ಸಂಜೆ ಅವಳು ಡೆಕ್ಲನ್‌ನ ಕೋಣೆಗೆ ಹೋದಳು. ಪರದೆ ಎಳೆದುಕೊಂಡು ಅವನು ಮಲಗಿದ್ದ. ಅಮ್ಮನಿಗಾದರೂ ಹೇಳು ಎಂದು ಪಿಸುಗುಟ್ಟಿದಳು. ಅಮ್ಮನಿಗೆ ಹೇಳಿದರೆ ಕೋಚ್‌ಗೆ ಹೇಳಿದ ಹಾಗೇ ಅಂದ. ಅವಳು ಮತ್ತೆ ಕೇಳಿದಾಗ ಎದ್ದು ಕೂತ.

"ಮೂರು ವರ್ಷ ಕಾದಿದ್ದೀನಿ ಟಿಲ್. ಒಂದು ಮ್ಯಾಚ್ ಕೇಳ್ತಿದ್ದೀನಿ, ಒಂದೇ ಒಂದು. ಅಷ್ಟೂ ಮಾಡಕ್ಕಾಗಲ್ವಾ ನಿನ್ ಕೈಲಿ?"

ಟಿಲ್ಲಿ ಬಾಗಿಲು ಮುಚ್ಚಿಕೊಂಡು ಹೊರಗೆ ಬಂದಳು.

ಶನಿವಾರ ಬಿಸಿಲಿತ್ತು, ಆದರೂ ಚಳಿ. ಪಾರ್ಕಿಂಗ್ ಜಾಗದ ಮೂಲೆಯಲ್ಲಿ ಚಳಿಗಾಲದ ಹಿಮದ ಗುಡ್ಡೆ ಕಪ್ಪಗಾಗಿ ಇನ್ನೂ ಬಿದ್ದುಕೊಂಡಿತ್ತು. ಮೈದಾನದ ಕಟ್ಟೆಗಳೆಲ್ಲ ತುಂಬಿದ್ದವು. ಜೂನಿಯ ಗುಂಪು ಹಸಿರು ಹಾಳೆ ಬಿಚ್ಚಿಕೊಂಡು ಕೂಗುತ್ತಿತ್ತು. ಅಮ್ಮ ಹಾಟ್‌ಡಾಗ್ ತರಲು ಸಾಲಿನಲ್ಲಿ ನಿಂತಳು. ಟಿಲ್ಲಿ ಬೇಲಿಯ ಬಳಿ, ಗೋಲಿನ ಹಿಂದೆ ಹೋಗಿ ನಿಂತಳು.

ಪಂದ್ಯಕ್ಕೆ ಮುಂಚಿನ ಅಭ್ಯಾಸ ನಡೆಯುತ್ತಿತ್ತು. ಲಕ್ರಾಸ್ ಚೆಂಡು ಟೆನಿಸ್ ಚೆಂಡಿನ ಹಾಗೆ ಮೆತ್ತಗಿರುವುದಿಲ್ಲ, ಗಟ್ಟಿ ರಬ್ಬರು. ಸ್ಟಿಕ್ಕಿನ ಬಲೆಯಿಂದ ಬೀಸಿದರೆ ಕಾರಿಗಿಂತ ಜೋರಾಗಿ ಬರುತ್ತದೆ. ಬಲಗಡೆಯಿಂದ ಬಂದದ್ದನ್ನೆಲ್ಲ ಡೆಕ್ಲನ್ ತಡೆದ. ಎಡಗಡೆಯದಕ್ಕೆ ಊಹೆಯ ಮೇಲೆ ಹಾರುತ್ತಿದ್ದ. ಒಂದು ಚೆಂಡು ಅವನ ಹೆಲ್ಮೆಟ್ಟಿನ ಮುಖದ ಕಂಬಿಗೆ ಒಂದು ಬೆರಳಷ್ಟು ದೂರದಲ್ಲಿ ಸುಯ್ಯೆಂದು ಹೋಗಿ ಗೋಲಿನ ಬಲೆಗೆ ಬಿತ್ತು. ಅವನ ತಲೆ ಕದಲಲೇ ಇಲ್ಲ. ಅದು ಬಂದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ಕೋಚ್ ಪಲಾಡಿನೋ ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿದರು. ಡೆಕ್ಲನ್ನೂ ಎತ್ತಿ ತೋರಿಸಿದ.

ಟಿಲ್ಲಿ ಬೇಲಿ ಬಿಟ್ಟು ನಡೆಯತೊಡಗಿದಳು. ಬೆಂಚಿನ ತುದಿಯಲ್ಲಿ ತಂಡದ ಫಿಸಿಯೋ ಮಿಸ್ ಡಾರ್ಲಾ ಯಾರದೋ ಮಣಿಕಟ್ಟಿಗೆ ಟೇಪು ಸುತ್ತುತ್ತಿದ್ದರು. ಹತ್ತಿರ ಹೋದಂತೆ ಅವಳ ಹೆಜ್ಜೆ ಚಿಕ್ಕದಾಯಿತು. ಹಿಂದಕ್ಕೆ ಹೋಗಿಬಿಡೋಣ ಅನ್ನಿಸಿತು. ಆಗ ಮಿಸ್ ಡಾರ್ಲಾ ತಲೆಯೆತ್ತಿ, ಏನು ಮರಿ ಎಂದು ಕೇಳಿದರು.

"ಡೆಕ್ಲನ್‌ಗೆ ಎಡಗಡೆ ಸರಿಯಾಗಿ ಕಾಣಿಸ್ತಿಲ್ಲ. ಮಂಗಳವಾರ ತಲೆಗೆ ಏಟು ಬಿದ್ದಿದೆ. ಹೇಳ್ಬಾರ್ದು ಅಂದಿದ್ದ," ಅಂದಳು ಟಿಲ್ಲಿ, ಒಂದೇ ಉಸಿರಿಗೆ.

ಮಿಸ್ ಡಾರ್ಲಾ ಟೇಪನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಅವರು ಡೆಕ್ಲನ್‌ನನ್ನು ಕರೆದು, ಹೆಲ್ಮೆಟ್ ತೆಗೆಸಿ, ತಮ್ಮ ಬೆರಳನ್ನು ಅವನ ಕಣ್ಣೆದುರು ಆಚೆಗೊಮ್ಮೆ ಈಚೆಗೊಮ್ಮೆ ಆಡಿಸಿದರು. ಒಂದು ಕಾಲಿನ ಮೇಲೆ ನಿಲ್ಲಲು ಹೇಳಿದರು. ಅವನು ವಾಲಿದ. ಕೋಚ್ ಬಂದು ಇವನು ಆಡಬಹುದೇ ಎಂದು ಕೇಳಿದಾಗ ಮಿಸ್ ಡಾರ್ಲಾ ತಲೆಯನ್ನು ಅಡ್ಡಡ್ಡ ಆಡಿಸಿದರು. ಅಮ್ಮ ಹಾಟ್‌ಡಾಗ್ ಹಿಡಿದುಕೊಂಡೇ ಓಡಿಬಂದಳು. ಈಗಲೇ ಆಸ್ಪತ್ರೆಗೆ ಹೋಗಬೇಕೆಂದು ಮಿಸ್ ಡಾರ್ಲಾ ಹೇಳಿದರು. ಡೆಕ್ಲನ್ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಇದು ನನ್ನ ಕೊನೆಯ ಮ್ಯಾಚು, ನೋಡುವುದಕ್ಕಾದರೂ ಬಿಡಿ ಎಂದು ಬೇಡಿಕೊಂಡ. ಕೊನೆಗೆ, ಕಪ್ಪು ಕನ್ನಡಕ ಹಾಕಿಕೊಂಡು ತಮ್ಮ ಪಕ್ಕದಲ್ಲೇ ಕೂರಬೇಕು, ಮುಗಿದ ಕೂಡಲೇ ಹೊರಡಬೇಕು ಎಂದು ಮಿಸ್ ಡಾರ್ಲಾ ಒಲ್ಲದ ಮನಸ್ಸಿನಿಂದ ಒಪ್ಪಿದರು.

ಆಗ ಡೆಕ್ಲನ್ ತಿರುಗಿ ಟಿಲ್ಲಿಯನ್ನು ನೋಡಿದ.

"ನೀನು ಪ್ರಾಮಿಸ್ ಮಾಡಿದ್ದೆ," ಅಂದ. ಅಷ್ಟೇ.

ಗೋಲಿನಲ್ಲಿ ನಿಲ್ಲಲು ಓಟಿಸ್ ಹೋದ. ಅವನು ಮೊದಲ ವರ್ಷದ ಹುಡುಗ, ಅದುವರೆಗೆ ಒಂದೂ ಪಂದ್ಯ ಆಡಿರಲಿಲ್ಲ. ಮಂಡಿ ಬಗ್ಗಿಸುವುದನ್ನೂ ಮರೆತು ನೆಟ್ಟಗೆ ನಿಂತ. ಹತ್ತು ನಿಮಿಷದಲ್ಲಿ ನಾಲ್ಕು ಗೋಲು ಬಿದ್ದವು. ಜೂನಿಯ ಗುಂಪು ಹಸಿರು ಹಾಳೆಯನ್ನು ಸುಮ್ಮನೆ ಸುತ್ತಿಟ್ಟಿತು.

ವಿರಾಮದಲ್ಲಿ ಓಟಿಸ್ ಬೆಂಚಿಗೆ ಬಂದಾಗ ಡೆಕ್ಲನ್ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಏನು ಹೇಳಿದನೋ ಟಿಲ್ಲಿಗೆ ಕೇಳಿಸಲಿಲ್ಲ. ಅವನ ಕೈಗಳು ಮಾತ್ರ ಕಾಣಿಸಿದವು, ಸ್ಟಿಕ್ಕನ್ನು ಇಷ್ಟು ಮೇಲೆ ಹಿಡಿ, ಪಾದ ಹೀಗಿಡು ಎಂದು ತೋರಿಸುತ್ತಿದ್ದವು. ಓಟಿಸ್ ಮತ್ತೆ ಹೋಗಿ ನಿಂತಾಗ ಅವನ ಮಂಡಿ ಸರಿಯಾಗಿ ಬಗ್ಗಿತ್ತು.

ಒಂದೊಂದೇ ಗೋಲು ಹೊಡೆಯುತ್ತ ಊರಿನ ತಂಡ ಬೆನ್ನಟ್ಟಿತು. ಆರು-ಐದು. ಎಂಟು-ಎಂಟು. ಆಟದ ಹೊತ್ತು ಮುಗಿದಾಗ ಒಂಬತ್ತು-ಒಂಬತ್ತು. ಇನ್ನು ಯಾರು ಮೊದಲು ಗೋಲು ಹೊಡೆಯುತ್ತಾರೋ ಅವರೇ ಗೆದ್ದಂತೆ.

ಅಮ್ಮ ಟಿಲ್ಲಿಯ ಕೈ ಹಿಡಿದುಕೊಂಡಳು. ಎದುರಾಳಿಗಳು ಬಲಗಡೆಯಿಂದ ಹೊಡೆದರು, ಓಟಿಸ್ ಎದೆ ಒಡ್ಡಿ ತಡೆದ. ಮತ್ತೆ ಮೇಲಿನಿಂದ ಹೊಡೆದರು, ಹಾರಿ ತಡೆದ. ಇಡೀ ಮೈದಾನ ಎದ್ದು ನಿಂತಿತು. ಮೂರನೆಯದು ನೆಲಕ್ಕೆ ಬಡಿದು ಪುಟಿದು ಅವನ ಕಾಲುಗಳ ಸಂದಿಯಲ್ಲಿ ನುಸುಳಿತು.

ಓಟಿಸ್ ಅಲ್ಲೇ ಕುಸಿದು ಕೂತ. ಮಿಸ್ ಡಾರ್ಲಾ ಬೇಡವೆಂದರೂ ಡೆಕ್ಲನ್ ಎದ್ದು ಹೋಗಿ ಅವನನ್ನು ಎಬ್ಬಿಸಿ ತಬ್ಬಿಕೊಂಡ.

ಕಾರಿನ ಕಡೆ ಹೋಗುವಾಗ ತಂಡದ ಇಬ್ಬರು ಟಿಲ್ಲಿಯನ್ನು ಗಮನಿಸದೆ ಮುಂದೆ ನಡೆಯುತ್ತಿದ್ದರು. ಡೆಕ್ಲನ್ ಇದ್ದಿದ್ರೆ ಅದನ್ನ ಕಣ್ಮುಚ್ಚಿ ಹಿಡೀತಿದ್ದ ಅಂದ ಒಬ್ಬ.

ಅಮ್ಮ ಕಾರನ್ನು ಆಸ್ಪತ್ರೆಯ ಕಡೆಗೆ ತಿರುಗಿಸಿದಳು. ಡೆಕ್ಲನ್ ಹಿಂದಿನ ಸೀಟಿನಲ್ಲಿ ತಲೆ ಒರಗಿಸಿ ಕೂತಿದ್ದ. ಟಿಲ್ಲಿ ಎಷ್ಟು ಸಾಧ್ಯವೋ ಅಷ್ಟು ಬಾಗಿಲಿಗೆ ಅಂಟಿಕೊಂಡಿದ್ದಳು. ಅವನು ಇನ್ನು ತನ್ನ ಜೊತೆ ಯಾವತ್ತೂ ಮಾತಾಡುವುದಿಲ್ಲ ಎಂದುಕೊಂಡಳು.

"ಟಿಲ್," ಅಂದ ಡೆಕ್ಲನ್. "ಕೊನೇದನ್ನ ಓಟಿಸ್ ಹಿಡಿದ್ನಾ?"

ಬೇಕೆಂದೇ ಚುಚ್ಚುತ್ತಿದ್ದಾನೆ ಅನ್ನಿಸಿತು ಅವಳಿಗೆ. ಅವನ ಮುಖ ನೋಡಿದಳು. ಚುಚ್ಚುವ ಮುಖವಲ್ಲ ಅದು.

"ಇಲ್ಲ. ಹತ್ತು-ಒಂಬತ್ತು. ಸೋತ್ವಿ."

"ಓ," ಅಂದ. ಅವನ ಮುಖ ನಿಧಾನವಾಗಿ ಇಳಿಯಿತು. ಕಿಟಕಿಯ ಕಡೆ ತಿರುಗಿದ. ಹಾಲಿನ ಫ್ಯಾಕ್ಟರಿ ಹೋಯಿತು, ಟೈರ್ ಅಂಗಡಿ ಹೋಯಿತು, ಸೇತುವೆ ಬಂತು.

"ಟಿಲ್, ಕೊನೇದನ್ನ ಓಟಿಸ್ ಹಿಡಿದ್ನಾ?"

ಅದೇ ದನಿ. ಅದೇ ಆಸೆ. ಟಿಲ್ಲಿ ತಟ್ಟನೆ ಮುಂದಕ್ಕೆ ನೋಡಿದಳು. ಕನ್ನಡಿಯಲ್ಲಿ ಅಮ್ಮನ ಕಣ್ಣು ಅವಳನ್ನೇ ನೋಡುತ್ತಿತ್ತು. ಕಾರಿನ ವೇಗ ಜೋರಾಯಿತು.

ಟಿಲ್ಲಿ ಬಾಗಿಲಿನಿಂದ ಸರಿದು ಅಣ್ಣನ ಪಕ್ಕ ಒತ್ತಿಕೊಂಡು ಕೂತಳು. ಅವನ ದೊಡ್ಡ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಲ್ಲ ಡೆಕ್," ಅಂದಳು, ಮೊದಲ ಸಲ ಹೇಳುವವಳ ಹಾಗೆ. "ಆದ್ರೆ ಅದಕ್ಕೂ ಮುಂಚೆ ಎರಡನ್ನ ತಡೆದ. ಹೇಗೆ ತಡೆದ ಅಂತ ಹೇಳ್ಲಾ?"

"ಹೇಳು," ಅಂದ ಡೆಕ್ಲನ್.

ಆಸ್ಪತ್ರೆಯ ಬಾಗಿಲು ಬರುವವರೆಗೂ ಟಿಲ್ಲಿ ಹೇಳುತ್ತಲೇ ಇದ್ದಳು.